ಹೊಲಿಗೆ ಬಿಟ್ಟ ಹುಲ್ಲು

ಹುಲ್ಲಿಗೂ ಹೊಲಿಗೆಯೇ ಎಂದು ನೀವು ನಗಬಹುದು. ನಾನೂ ನಕ್ಕವಳೇ. 2024ರ ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಬಿದ್ದೊಡನೆ ಅಮೆರಿಕದ ಫೀನಿಕ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅರಿಝೋನಾ ರಾಜ್ಯದ ಮರುಭೂಮಿಯ ಊರದು. ಸುತ್ತ ಕೆಂಪು ಗುಡ್ಡ, ಕಳ್ಳಿಗಿಡ. ಅಂಥ ಕಡೆ ಹಿತ್ತಿಲ ಬಾಗಿಲು ತೆಗೆದರೆ ಹಚ್ಚಹಸಿರು! ಮುಟ್ಟಿ ನೋಡಿದೆ, ಪ್ಲಾಸ್ಟಿಕ್ಕು.

ಮನೆಯ ಹಿಂದಿನ ಯಜಮಾನನಿಗೆ ಗಾಲ್ಫ್ ಹುಚ್ಚಂತೆ. ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವುದನ್ನು ರೂಢಿಮಾಡಿಕೊಳ್ಳಲು ಹಾಸಿದ್ದ ಹುಲ್ಲು ಅದು. 'ಪಟಿಂಗ್ ಗ್ರೀನ್' ಎನ್ನುತ್ತಾರೆ. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಜಮಖಾನದಂತೆ ಸುರುಳಿಯಲ್ಲಿ ಬರುವ ಹಾಸನ್ನು ಪಕ್ಕಪಕ್ಕಕ್ಕೆ ಹರಡಿ, ಕೂಡುವಲ್ಲಿ ಅಡಿಗೆ ಪಟ್ಟಿ ಕೊಟ್ಟು ಅಂಟಿಸುತ್ತಾರೆ. ಆ ಕೂಡುಗೆಯೇ ಹೊಲಿಗೆ. ನಾನು ಹೋದಾಗ ಅದು ಮಾರುದ್ದ ಬಿಟ್ಟುಕೊಂಡು, ನಡುವೆ ಅರ್ಧ ಅಂಗುಲ ಬಾಯಿ ತೆರೆದಿತ್ತು.

ಬಿಟ್ಟುಕೊಂಡದ್ದು ಅದೊಂದೇ ಅಲ್ಲ. ಮಗಳು 2018ರಲ್ಲಿ ತಾನೇ ಮೆಚ್ಚಿದವರನ್ನು ಮದುವೆಯಾದಳು. ನಮ್ಮ ಜಾತಿಯವರಲ್ಲ ಎಂಬ ಒಂದೇ ಕಾರಣಕ್ಕೆ ನಾನು ಹೋಗಲಿಲ್ಲ. ನಮ್ಮ ಮನೆಯವರು ಒಬ್ಬರೇ ಹೋಗಿ ಅಕ್ಷತೆ ಹಾಕಿ ಬಂದರು. ಈಗ ಅವರಿಲ್ಲ. ಮೊಮ್ಮಗ ಹುಟ್ಟಿದ ಮೇಲೆ ಮಗಳೊಡನೆ ಮಾತು ಕೂಡಿತು. ಅಳಿಯನೊಡನೆ ಮಾತ್ರ "ಅವರನ್ನ ಊಟಕ್ಕೆ ಕರಿಯಮ್ಮ" ಎನ್ನುವಷ್ಟರಲ್ಲೇ ನಿಂತಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಬಾಯಿ ನೋಯುವಷ್ಟು ಮಾತಾಡುವವಳಿಗೆ ಒಂದೇ ಮನೆಯಲ್ಲಿ ಒಬ್ಬರೊಡನೆ ಮಾತು ಹೊರಡುತ್ತಿರಲಿಲ್ಲ.

ಒಂದು ಸಂಜೆ ಮೊಮ್ಮಗ ಎದ್ದುನಿಂತ ಆ ಅಂಚಿಗೆ ಎಡವಿ ಬಿದ್ದು ತುಟಿ ಒಡೆದುಕೊಂಡ. ಮರುದಿನ ಶನಿವಾರ. ಅಳಿಯ ಬೆಳಿಗ್ಗೆಯೇ ಸುತ್ತಿಗೆ ಹಿಡಿದು ಕೂತರು. ಎರಡೂ ಅಂಚನ್ನು ಬಲವಾಗಿ ಎಳೆದು ಸೇರಿಸಿ ಮೊಳೆ ಹೊಡೆದರು. ಸಂಜೆ ಹೊತ್ತಿಗೆ ಅಲ್ಲಿ ಕೈಬೆರಳ ಗಾತ್ರದ ಸುಕ್ಕು ಎದ್ದಿತ್ತು. ರಾತ್ರಿಯ ತಂಪಿಗೆ ಹಾಸು ಮುದುಡಿ, ಬೆಳಗಾಗುವುದರೊಳಗೆ ಮೊಳೆ ಕಿತ್ತುಕೊಂಡು ಮತ್ತೆ ಬಾಯಿ ಬಿಟ್ಟಿತು. ಅವರು ಮತ್ತೆ ಎಳೆಯತೊಡಗಿದರು.

ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನನಗೆ ತಡೆಯಲಾಗಲಿಲ್ಲ. ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಟ್ಟವಳು ನಾನು. ಸೆರಗು ಸಿಕ್ಕಿಸಿ ಹೊರಗೆ ಬಂದೆ.

"ಎಳೀಬೇಡಿ. ಎಳೆದು ಹೊಲಿದ ರವಿಕೆ ತೋಳೆತ್ತಿದ ಕೂಡಲೆ ಬಿರಿಯುತ್ತೆ."

ಅವರು ತಲೆಯೆತ್ತಿದರು. "ಮತ್ತೆ ಹೇಗೆ ಅತ್ತೆ?"

ಆರು ವರ್ಷದಲ್ಲಿ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಕೂಡುಗೆಯ ಆಚೀಚೆ ಮರಳನ್ನು ಗುಡಿಸಿ ತೆಗೆದೆವು. ಹುಲ್ಲು ನೆಟ್ಟಗೆ ನಿಲ್ಲಲೆಂದೂ ಭಾರಕ್ಕೆಂದೂ ಎಳೆಗಳ ನಡುವೆ ಮರಳು ತುಂಬಿರುತ್ತಾರೆ. ಅಂಚು ಎತ್ತಿದರೆ ಹಳೆಯ ಪಟ್ಟಿ ನಾಲ್ಕೇ ಬೆರಳು ಅಗಲ. ಅಂಟು ಒಣಗಿ ಪುಡಿಯಾಗಿತ್ತು. ಕೆಳಗಿನ ಮಣ್ಣೂ ಒಂದು ಕಡೆ ಕುಸಿದಿತ್ತು. ಅದನ್ನು ತುಂಬಿ, ತಟ್ಟಿ, ಸಮ ಮಾಡಿದೆವು. ಆಮೇಲೆ ನಾನು ಆಚೆ ತುದಿಯ ಮೊಳೆಗಳನ್ನು ಕೀಳಲು ಹೇಳಿದೆ. "ಅದು ಸರಿಯಾಗೇ ಇದೆಯಲ್ಲ ಅತ್ತೆ?" ಎಂದರು. ಸರಿಯಾಗಿತ್ತು, ನಿಜ. ಆದರೆ ದೂರದ ತುದಿ ಬಿಗಿ ಹಿಡಿದು ಕೂತರೆ ನಡುವಿನ ಅಂಚು ಹತ್ತಿರ ಬರುವುದು ಹೇಗೆ? ಮೊಳೆ ಕಿತ್ತು, ಬಿಸಿಲಿಗೆ ಹಾಸು ಮೆತ್ತಗಾದ ಮೇಲೆ ಮೆಲ್ಲಗೆ ಜರುಗಿಸಿದರೆ ಅದಾಗಿಯೇ ಬಂದು ಸೇರಿತು. ಆ ತುದಿಯಲ್ಲಿ ಉಳಿದ ಸಂದಿಗೆ ಬೆಣಚುಕಲ್ಲು ತುಂಬಿದೆವು.

ಹೊಸ ಪಟ್ಟಿ ಒಂದಡಿ ಅಗಲದ್ದು. ಎರಡೂ ಹಾಸಿನ ಅಡಿಗೆ ಅರ್ಧರ್ಧ ಬರುವಂತೆ ಹರಡಿ, ಹಲ್ಲಿರುವ ಕರಣೆಯಿಂದ ಅಂಟು ಬಳಿದೆವು. ಅದು ಗಾಳಿಯ ತೇವ ಹೀರಿ ಗಟ್ಟಿಯಾಗುವ ಅಂಟು. ಬಳಿದೊಡನೆ ಕೂರಿಸಬಾರದು, ಬೆರಳಿಗೆ ಜಿಗುಟು ಹತ್ತುವವರೆಗೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಅಳಿಯ ಕಥೆ ಹೇಳಿದರು. ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಎಂಬ ಸೂರಿರುವ ಕ್ರೀಡಾಂಗಣದಲ್ಲಿ ಮೊದಲು ನಿಜವಾದ ಹುಲ್ಲೇ ಇತ್ತಂತೆ. ಸೂರಿನಿಂದ ಬರುವ ಬೆಳಕು ಆಟಗಾರರ ಕಣ್ಣು ಕುಕ್ಕುತ್ತದೆಂದು ಅದಕ್ಕೆ ಬಣ್ಣ ಬಳಿದರು. ಬಿಸಿಲು ಸಾಲದೆ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿ ಈ ಕೃತಕ ಹುಲ್ಲು ಹಾಸಿದರು. "ಬೆಳಕು ಬಿಡದಿದ್ರೆ ನಿಜವಾದ್ದು ಎಲ್ಲಿ ಉಳಿಯುತ್ತೆ ಅತ್ತೆ" ಎಂದರು. ಹುಲ್ಲಿನ ವಿಚಾರವನ್ನೇ ಹೇಳಿದರೋ, ಬೇರೆಯದನ್ನೋ, ನಾನು ಕೇಳಲಿಲ್ಲ.

ಒಂದೊಂದೇ ಅಂಚನ್ನು ಇಳಿಸಿದೆವು. ಎಳೆಗಳು ಅಂಟಿಗೆ ಸಿಗದಂತೆ ನಾನು ಬೆರಳಿನಿಂದ ಬಿಡಿಸುತ್ತ ಹೋದೆ, ಅವರು ಒತ್ತುತ್ತ ಬಂದರು. ಮೇಲೆ ಭಾರ ಹೇರಬೇಕಿತ್ತು. ಮರಳಿನ ಚೀಲ ಎರಡೇ ಇದ್ದವು. ಒಳಗೆ ಹೋಗಿ 20 ಪೌಂಡಿನ ಸೋನಾಮಸೂರಿ ಅಕ್ಕಿಚೀಲ ಹೊತ್ತು ತಂದೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬಿಸಿಲಿಗೆ ನನಗೆ ಕಾಣಲಿಲ್ಲ.

ಮರುದಿನ ಭಾರ ತೆಗೆದು, ಮರಳು ಉದುರಿಸಿ, ಪೊರಕೆಯಿಂದ ಎಳೆಗಳ ನಡುವೆ ಇಳಿಸಿದೆವು. ಅಳಿಯ ಚೆಂಡು ತಳ್ಳಿದರು. ಕೂಡುಗೆಯ ಮೇಲೆ ಒಂದಿಷ್ಟೂ ಕುಪ್ಪಳಿಸದೆ ಉರುಳಿ, ಕುಳಿಯ ಪಕ್ಕದಲ್ಲೇ ಹಾದುಹೋಯಿತು. "ಹೊಲಿಗೆ ತಪ್ಪಲ್ಲ ಅತ್ತೆ, ನನ್ನ ಕೈದೇ ತಪ್ಪು" ಎಂದರು. ಅಂದು ರಾತ್ರಿ ಮಗಳ ಕೈಯಿಂದ ಸೌಟು ತೆಗೆದುಕೊಂಡು ಅವರ ತಟ್ಟೆಗೆ ನಾನೇ ಸಾರು ಬಡಿಸಿದೆ.

ಹೊಲಿಗೆ ಕಾಣುವುದೇ ಇಲ್ಲ ಎಂದರೆ ಸುಳ್ಳಾದೀತು. ಬಗ್ಗಿ ನೋಡಿದರೆ ಕೂದಲೆಳೆಯಂಥ ಗೆರೆ ಇದೆ. ಊರಿಗೆ ಬಂದ ಮೇಲೆ ಒಂದು ಭಾನುವಾರ ಫೋನಿನಲ್ಲಿ, ಮಗಳನ್ನಲ್ಲ, ಅವರನ್ನೇ ಕೇಳಿದೆ: "ಹಿಡಿದಿದೆಯಾ?"

"ಮೂಲೇಲಿ ಒಂದು ಗೇಣು ಮತ್ತೆ ಎದ್ದಿದೆ ಅತ್ತೆ. ನೀವು ಬಂದಾಗ ನೋಡೋಣ ಅಂತ ಹಾಗೇ ಬಿಟ್ಟಿದ್ದೀನಿ."