ಹೆಜ್ಜಾರ್ಲೆಗಳ ತವರಿನಲ್ಲಿ ಒಂದು ಲೆಕ್ಕ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರು ಸೇರುವ ಮೊದಲು ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿ.ಮೀ. ಹೋದರೆ ಕೊಕ್ಕರೆಬೆಳ್ಳೂರು. ಫೆಬ್ರುವರಿ ಕೊನೆಯ ಒಂದು ಭಾನುವಾರ, ಇಡ್ಲಿ ಡಬ್ಬಿ, ನೀರಿನ ಬಾಟಲಿ, ಒಂದು ಹಳೆಯ ದುರ್ಬೀನು ಕಟ್ಟಿಕೊಂಡು ನಾವು ಮೂವರೂ ಹೊರಟೆವು. ಆರನೇ ತರಗತಿಯ ಮಗಳು ಒಂದು ನೋಟ್‌ಬುಕ್ಕನ್ನೂ ತಂದಿದ್ದಳು. ಹಕ್ಕಿಗಳನ್ನು ಎಣಿಸಿ ಬರೆಯುವುದು ಅವಳ ಉದ್ದೇಶ.

ರಸ್ತೆಯ ಎರಡೂ ಬದಿ ಕಬ್ಬು, ತೆಂಗು, ರಾಗಿ ಕೊಯ್ದ ಹೊಲ. ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯಿತು. ಹಸಿ ಮೀನಿನ ವಾಸನೆ! ಕಾರಿನಿಂದ ಇಳಿದು ತಲೆ ಎತ್ತಿದರೆ, ಮನೆಗಳ ನಡುವಿನ ಹುಣಸೆಮರಗಳ ತುಂಬ ಹಕ್ಕಿಗಳು. ಕೆಳಗೆ ಹಸು ಕಟ್ಟಿದ್ದಾರೆ, ಹೆಂಗಸರು ಪಾತ್ರೆ ತೊಳೆಯುತ್ತಿದ್ದಾರೆ, ಮಕ್ಕಳು ಗೋಲಿ ಆಡುತ್ತಿದ್ದಾರೆ. ಮೇಲೆ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಅಗಲವಾಗುವ ಹೆಜ್ಜಾರ್ಲೆಗಳು ಗೂಡುಗಳ ಮೇಲೆ ಗಂಭೀರವಾಗಿ ಕೂತಿವೆ. ಪಕ್ಕದ ಕೊಂಬೆಯಲ್ಲಿ ಹಳದಿ ಕೊಕ್ಕಿನ, ಗುಲಾಬಿ ಪುಕ್ಕದ ಬಣ್ಣದ ಕೊಕ್ಕರೆಗಳು. ದೊಡ್ಡ ಹೆಜ್ಜಾರ್ಲೆಗಳು ಹೆಚ್ಚು ಸದ್ದು ಮಾಡುವುದಿಲ್ಲ. ಗಲಾಟೆಯೆಲ್ಲ ಮರಿಗಳದ್ದೇ.

ಮಗಳ ಎಣಿಕೆ ಮೂರನೇ ಮರಕ್ಕೆ ತಪ್ಪಿಹೋಯಿತು. ನೋಟ್‌ಬುಕ್ ಮುಚ್ಚಿ ಕೇಳಿದಳು: “ಅಮ್ಮಾ, ಇವು ಪ್ರತಿ ವರ್ಷ ಇಲ್ಲೇ ಮರಿ ಮಾಡ್ತವೆ ಅಂದ್ಯಲ್ಲ. ಹಾಗಿದ್ರೆ ಇಷ್ಟೊತ್ತಿಗೆ ಊರೆಲ್ಲ ತುಂಬಿ ಹೋಗಬೇಕಿತ್ತಲ್ವಾ?”

ಒಳ್ಳೆಯ ಪ್ರಶ್ನೆ. “ನೀನೇ ಲೆಕ್ಕ ಹಾಕು” ಎಂದೆ.

ಹೆಜ್ಜಾರ್ಲೆ ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆ ಇಡುತ್ತದೆ. ನೂರು ಜೋಡಿ, ಅಂದರೆ 200 ಹಕ್ಕಿಗಳಿವೆ ಎಂದುಕೊಳ್ಳೋಣ. ಪ್ರತಿ ಜೋಡಿ ವರ್ಷಕ್ಕೆ ಎರಡು ಮರಿ ಬೆಳೆಸಿತು, ಒಂದೂ ಸಾಯಲಿಲ್ಲ, ಮರು ವರ್ಷವೇ ಅವೂ ಜೋಡಿಯಾದವು ಎಂದರೆ? ಹಕ್ಕಿಗಳ ಸಂಖ್ಯೆ ವರ್ಷಕ್ಕೆ ಎರಡರಷ್ಟಾಗುತ್ತದೆ. 400, 800, 1600... ಚದುರಂಗದ ಮನೆಗಳಲ್ಲಿ ಕಾಳು ಇಟ್ಟ ಹಳೆಯ ಕಥೆಯ ಹಾಗೆ. ಹತ್ತನೇ ವರ್ಷಕ್ಕೆ 2,04,800. ಇಪ್ಪತ್ತನೇ ವರ್ಷಕ್ಕೆ ಸುಮಾರು 21 ಕೋಟಿ! 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನರೇ ಸುಮಾರು 6.1 ಕೋಟಿ.

ನಿಜದಲ್ಲಿ ಹೆಜ್ಜಾರ್ಲೆ ಮರಿ ಬೆಳೆದು ತಾನೇ ಗೂಡು ಕಟ್ಟಲು ಕೆಲವು ವರ್ಷ ಬೇಕು. ಆದರೂ ಲೆಕ್ಕ ನಿಧಾನವಾಗುತ್ತದೆಯೇ ಹೊರತು ಬದಲಾಗುವುದಿಲ್ಲ. ಹಕ್ಕಿಯೇ ಇರಲಿ, ಇಲಿಯೇ ಇರಲಿ, ಹುಣಸೆಮರವೇ ಇರಲಿ, ತಡೆಯುವವರಿಲ್ಲದಿದ್ದರೆ ಎಲ್ಲವೂ ಹೀಗೆಯೇ ಏರುತ್ತವೆ. ಹಾಗಾದರೆ ಇಲ್ಲಿ ತಡೆಯುತ್ತಿರುವುದು ಯಾರು?

ಜಗಲಿಯ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದ ಒಬ್ಬ ಅಜ್ಜಿ ನಮ್ಮ ಲೆಕ್ಕ ಕೇಳಿಸಿಕೊಂಡು ನಕ್ಕರು. “ಬನ್ರವ್ವ, ನೆಳ್ಳಲ್ಲಿ ಕೂತ್ಕೊಳ್ಳಿ. ಅವು ನಮ್ಮನೆ ಹೆಣ್ಮಕ್ಳಿದ್ದಂಗೆ ಕಣವ್ವ. ಬಾಣಂತನಕ್ಕೆ ತವರಿಗೆ ಬತ್ತವೆ. ಆದ್ರೆ ಹುಟ್ಟಿದ್ದೆಲ್ಲ ಉಳಿಯಕಿಲ್ಲ” ಎಂದರು.

ಅವರ ಮನೆ ಮುಂದಿನ ಮರವನ್ನೇ ನೋಡಿದೆವು. ಗಟ್ಟಿ ಕೊಂಬೆಗಳೆಲ್ಲ ಭರ್ತಿ. ಒಂದು ಗೂಡಿಗೂ ಇನ್ನೊಂದಕ್ಕೂ ನಡುವೆ ಕತ್ತು ಚಾಚಿದರೆ ಕೊಕ್ಕು ತಗಲುವಷ್ಟೇ ಅಂತರ. ತಡವಾಗಿ ಬಂದ ಜೋಡಿಗೆ ಸಿಗುವುದು ತುದಿಯ ತೆಳು ಕೊಂಬೆ. ಅಲ್ಲಿಂದ ಮರಿ ಬೀಳುವುದು ಸುಲಭ. ಮರವೇ ಮೊದಲ ಮಿತಿ.

ಎರಡನೆಯದು ಮೀನು. ಹತ್ತಿರದ ಶಿಂಷಾ ನದಿ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ ಇವುಗಳ ಉಗ್ರಾಣ. ಸಾಲದಿದ್ದರೆ ದೂರದ ಕೆರೆಗಳಿಗೂ ಹಾರುತ್ತವೆ. ತಂದ ಮೀನನ್ನು ಮರಿಗಳು ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ಹಾಕಿ ತಿನ್ನುತ್ತವೆ. ಮೊದಲ ಮೊಟ್ಟೆಯ ಮರಿ ಮೊದಲೇ ಹೊರಬಂದು ದೊಡ್ಡದಾಗಿರುತ್ತದೆ. ಮೀನು ಹೇರಳವಾಗಿದ್ದರೆ ಎಲ್ಲಕ್ಕೂ ಪಾಲು. ಕಡಿಮೆಯಾದರೆ ದೊಡ್ಡದೇ ನುಂಗಿಬಿಡುತ್ತದೆ, ಕೊನೆಯದು ಸೊರಗುತ್ತದೆ. ಹಕ್ಕಿಗಳು ಹೆಚ್ಚಾದಷ್ಟೂ ಒಂದೊಂದಕ್ಕೆ ಸಿಗುವ ಮೀನು ಕಡಿಮೆ.

ಮೂರನೆಯದು ಕಾಯಿಲೆ. ಒತ್ತಾಗಿ ಬದುಕುವವರಲ್ಲಿ, ಒಂದೇ ಕೆರೆಯ ಮೀನು ತಿನ್ನುವವರಲ್ಲಿ ರೋಗ ಬೇಗ ಹರಡುತ್ತದೆ. 2017ರ ಕೊನೆಯಿಂದ 2018ರವರೆಗೆ ಇದೇ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು. “ಆ ವರ್ಸ ಬೆಳಗ್ಗೆ ಎದ್ದು ಬಾಗ್ಲು ತೆಗೆಯಕ್ಕೇ ಭಯ ಆಗದು ಕಣವ್ವ” ಎಂದರು ಅಜ್ಜಿ.

“ಇದು ನಮ್ಮ ಹಳ್ಳಿ ಬಸ್ಸಿನ ಹಾಗೆ” ಎಂದರು ನನ್ನ ಯಜಮಾನರು. ಬಸ್ಸು ಖಾಲಿ ಇದ್ದಾಗ ಹತ್ತಿದವರಿಗೆಲ್ಲ ಕಿಟಕಿ ಪಕ್ಕದ ಸೀಟು. ಆಮೇಲೆ ನಿಲ್ಲಬೇಕು. ಆಮೇಲೆ ಫುಟ್‌ಬೋರ್ಡು. ಕೊನೆಗೆ ಒಬ್ಬರು ಇಳಿದರೆ ಮಾತ್ರ ಇನ್ನೊಬ್ಬರಿಗೆ ಜಾಗ. 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ಪಿಯರ್ ವೆರ್ಹುಲ್ಸ್ಟ್ ಇದನ್ನೇ ಸಮೀಕರಣವಾಗಿ ಬರೆದ. ಆ ಗೆರೆಯನ್ನು ಯಜಮಾನರು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದರು. ಮೊದಲು ನಿಧಾನ, ನಡುವೆ ಕಡಿದಾದ ಏರು, ಕೊನೆಗೆ ಮಟ್ಟಸ. ಇಂಗ್ಲಿಷಿನ ‘ಎಸ್’ ಅಕ್ಷರವನ್ನು ಹಿಡಿದು ಎಳೆದ ಹಾಗೆ. ಆ ಮಟ್ಟಸವಾದ ಜಾಗವೇ ಒಂದು ಊರು, ಒಂದು ಕೆರೆ, ಒಂದು ಕಾಡು ಹೊರಬಲ್ಲ ಸಂಖ್ಯೆ.

“ಮತ್ತೆ ಗಾಳಿ?” ಎಂದಳು ಮಗಳು. ಅದೂ ಸರಿಯೇ. ಏಪ್ರಿಲ್–ಮೇ ತಿಂಗಳಲ್ಲಿ ಬೀಸುವ ಬಿರುಗಾಳಿ ಮರದಲ್ಲಿ ಹತ್ತು ಗೂಡಿವೆಯೋ ನೂರಿವೆಯೋ ಎಂದು ನೋಡುವುದಿಲ್ಲ. ಬರಗಾಲವೂ ಅಷ್ಟೇ. ಕೆಲವು ಮಿತಿಗಳು ಗುಂಪು ಬೆಳೆದ ಹಾಗೆ ಬಿಗಿಯಾಗುತ್ತವೆ. ಕೆಲವು ಹೇಳದೆ ಕೇಳದೆ ಬರುತ್ತವೆ.

ಅಷ್ಟರಲ್ಲಿ ಹಿಂದಿನ ಮರದಿಂದ ‘ಧಪ್’ ಎಂಬ ಸದ್ದು. ಓಡಿಹೋಗಿ ನೋಡಿದರೆ ಹತ್ತಿಯಂಥ ಬಿಳಿ ತುಪ್ಪಳದ ಒಂದು ಮರಿ ಮಣ್ಣಿನಲ್ಲಿ ಬಿದ್ದಿತ್ತು. ಎದ್ದು ನಿಲ್ಲಲು ನೋಡುತ್ತದೆ, ಮುಗ್ಗರಿಸುತ್ತದೆ. ತಾಯಿ ಮೇಲೆಯೇ ಕೂತಿತ್ತು. ನೆಲಕ್ಕೆ ಬಿದ್ದ ಮರಿಯನ್ನು ಮತ್ತೆ ಮೇಲೆತ್ತಿಕೊಳ್ಳುವುದು ಅದರಿಂದ ಆಗದು. ಎಲ್ಲಿಂದಲೋ ಬಂದ ಒಂದು ನಾಯಿ ದೂರದಲ್ಲಿ ನಿಂತು ನೋಡುತ್ತಿತ್ತು. ಮಗಳು ನನ್ನ ಸೆರಗು ಹಿಡಿದುಕೊಂಡಳು.

ಊರಿನ ಹುಡುಗನೊಬ್ಬ ನಾಯಿಯನ್ನು ಓಡಿಸಿ, ಮರಿಯನ್ನು ಗೋಣಿಚೀಲದಲ್ಲಿ ಮೆತ್ತಗೆ ಎತ್ತಿಕೊಂಡ. ಬಿದ್ದ ಮರಿಗಳಿಗೆಂದೇ ಊರಿನಲ್ಲಿ ಬೇಲಿ ಹಾಕಿದ ಒಂದು ಆವರಣವಿದೆ. ಅಲ್ಲಿ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. “ಬದುಕತ್ತಾ?” ಎಂದು ಮಗಳು ಕೇಳಿದಳು. “ಕಾಲು ಮುರಿದಿಲ್ಲ. ಬದುಕಬೋದು” ಎಂದ ಅವನು.

ದಾರಿಯುದ್ದಕ್ಕೂ ಅವಳು ಯೋಚಿಸುತ್ತಲೇ ಇದ್ದಳು. “ಹುಟ್ಟಿದ್ದೆಲ್ಲ ಬದುಕಿದರೂ ಕಷ್ಟ. ಸತ್ತರೆ ಪಾಪ. ಎಷ್ಟು ಬದುಕಿದರೆ ಸರಿ?”

ಇದಕ್ಕೆ ಉತ್ತರ ಬಹಳ ಚಿಕ್ಕ ಸಂಖ್ಯೆ: ಎರಡು. ಒಂದು ಜೋಡಿ ತನ್ನ ಇಡೀ ಬದುಕಿನಲ್ಲಿ, ಅದು ಎಷ್ಟೇ ವರ್ಷ ಗೂಡು ಕಟ್ಟಲಿ, ಎಷ್ಟೇ ಮೊಟ್ಟೆ ಇಡಲಿ, ಬೆಳೆದು ಮುಂದೆ ಮರಿ ಮಾಡುವಂಥ ಎರಡು ಹಕ್ಕಿಗಳನ್ನು ಬಿಟ್ಟುಹೋದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ. ಮೂರಾದರೆ ಏರುತ್ತದೆ. ಒಂದಾದರೆ ಪ್ರತಿ ತಲೆಮಾರಿಗೂ ಅರ್ಧವಾಗುತ್ತದೆ. ಅಂದರೆ ಮರಿಗಳು ಬೀಳುವುದು, ಸೊರಗುವುದು ಇದ್ದದ್ದೇ. ಅದನ್ನು ತಾಳಿಕೊಳ್ಳಲೆಂದೇ ವರ್ಷ ವರ್ಷವೂ ಮೊಟ್ಟೆಗಳು. ಭಯಪಡಬೇಕಾದದ್ದು ಆ ‘ಎರಡು’ ಸದ್ದಿಲ್ಲದೆ ‘ಒಂದು’ ಆಗುವುದಕ್ಕೆ.

ಹಾಗಾದದ್ದೂ ಉಂಟು. ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ ಇದೇ ಜಾತಿಯ ಹೆಜ್ಜಾರ್ಲೆಗಳು ಲಕ್ಷಗಟ್ಟಲೆ ಗೂಡು ಕಟ್ಟಿದ್ದನ್ನು ಬ್ರಿಟಿಷ್ ಪಕ್ಷಿತಜ್ಞ ಯೂಜೀನ್ ಓಟ್ಸ್ 1877ರಲ್ಲಿ ಬರೆದಿಟ್ಟಿದ್ದಾರೆ. 1929ರ ಹೊತ್ತಿಗೆ ಅಲ್ಲಿ ಉಳಿದದ್ದು ಸಾವಿರಗಳ ಲೆಕ್ಕದಲ್ಲಿ. 1940ರ ದಶಕದಲ್ಲಿ ಒಂದೂ ಇಲ್ಲ. ನಮ್ಮ ಪಕ್ಕದ ಆಂಧ್ರದಲ್ಲೂ ಹೀಗೇ ಆಯಿತು. ಪಶ್ಚಿಮ ಗೋದಾವರಿಯ ಅರೇಡು ಎಂಬ ಊರಿನ ಗೂಡುಗಳನ್ನು 1946ರಲ್ಲಿ ಹುಡುಕಿ ಬರೆದವರು ಕೆ. ಕೆ. ನೀಲಕಂಠನ್, ಮಲಯಾಳಂ ಓದುಗರ ‘ಇಂದುಚೂಡನ್’. 1970ರ ದಶಕದಲ್ಲಿ ಹಕ್ಕಿಗಳು ಆ ಊರನ್ನೂ ಬಿಟ್ಟವು. ದೊಡ್ಡ ಸಂಖ್ಯೆ ಇದ್ದ ಮಾತ್ರಕ್ಕೆ ಧೈರ್ಯದಿಂದ ಇರುವಂತಿಲ್ಲ.

ಕೊಕ್ಕರೆಬೆಳ್ಳೂರಿನಲ್ಲಿ ಆ ‘ಎರಡು’ ಉಳಿದಿರುವುದರಲ್ಲಿ ಅಜ್ಜಿಯಂಥವರ ಪಾಲು ದೊಡ್ಡದು. ನೂರು ವರ್ಷಗಳ ಹಿಂದೆ ಪ್ಲೇಗ್ ಬಂದಾಗ ಊರಿನವರು ಶಿಂಷಾ ದಂಡೆಯಿಂದ ಎದ್ದು ಈಗಿನ ಜಾಗಕ್ಕೆ ಬಂದರಂತೆ. ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. ಹಕ್ಕಿ ಕೂತ ಮರದಲ್ಲಿ ಹುಣಸೆ ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಗೂಡಿನ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವ ರೂಢಿಯೂ ಇದೆ. 2007ರಲ್ಲಿ ಈ ಊರು ‘ಸಮುದಾಯ ಮೀಸಲು’ ಎಂದು ಘೋಷಣೆಯಾಯಿತು.

ಹಾಗೆಂದು ಎಲ್ಲ ಸುಲಭವಲ್ಲ. “ಹುಣ್ಸೆಹಣ್ಗೆ ಒಳ್ಳೆ ರೇಟ್ ಬಂದ ವರ್ಸ ಹೊಟ್ಟೆ ಉರಿಯತ್ತೆ ಕಣವ್ವ, ಸುಳ್ಯಾಕೆ ಹೇಳ್ಲಿ” ಎಂದರು ಅಜ್ಜಿ. “ಮಗ ಮನೆ ಕಟ್ಟಬೇಕು, ಮರ ಕಡೀಲಾ ಅಂದ. ನಾನಿರೋಗಂಟ ಬ್ಯಾಡ ಅಂದಿವ್ನಿ. ಆಮ್ಯಾಕೆ ಏನ್ ಮಾಡ್ತನೋ ಗೊತ್ತಿಲ್ಲ.” ಮಗನದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ನಾವು ಒಂದು ದಿನ ಬಂದು ಫೋಟೊ ತೆಗೆದು ಹೋಗುವವರು. ಮೀನಿನ ವಾಸನೆಯಲ್ಲಿ ಆರು ತಿಂಗಳು ಬದುಕುವವರು ಅವರು. ಆದರೆ ಒಂದು ದೊಡ್ಡ ಹುಣಸೆಮರ ಹೋದರೆ ಅದರ ಜಾಗಕ್ಕೆ ನೆಟ್ಟ ಸಸಿ ಗೂಡು ಹೊರುವಷ್ಟು ಬೆಳೆಯಲು ದಶಕಗಳೇ ಬೇಕು. ಬಸ್ಸಿನಿಂದ ಒಂದು ಸಾಲು ಸೀಟು ಕಿತ್ತ ಹಾಗೆ. ಕೆರೆ ಒತ್ತುವರಿಯಾದರೆ, ಕೆರೆಗೆ ಕೊಳಕು ನೀರು ಹರಿದರೆ ಇನ್ನೊಂದು ಸಾಲು. ಗಾಳಿ, ಬರ, ಜಂತುಹುಳು ಇವುಗಳ ಜೊತೆ ನಮ್ಮದೂ ಒಂದು ತಡೆ ಸೇರಿಬಿಡುತ್ತದೆ.

ಹೊರಡುವಾಗ ಅಜ್ಜಿ ಮಗಳ ಕೈಗೆ ಒಂದು ಹಿಡಿ ಹುಣಸೆಬೀಜ ಕೊಟ್ಟರು. “ತಕ್ಕೋ ಮಗಾ, ನಿಮ್ಮೂರಲ್ಲಿ ಜಾಗ ಇದ್ರೆ ಹಾಕು.” ನಮ್ಮದು ಎರಡನೇ ಮಹಡಿಯ ಮನೆ. ಅದನ್ನು ಹೇಳದೆ ಅವಳು ಬೀಜಗಳನ್ನು ಜೇಬಿಗೆ ಹಾಕಿಕೊಂಡಳು. ಈಗ ಅವಳ ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ನಾಲ್ಕು ಸಸಿಗಳು ಗೇಣುದ್ದ ಬಂದಿವೆ. ಹಾಕಿದ್ದು ಹದಿನೇಳು ಬೀಜ. ಅದರ ಲೆಕ್ಕವೂ ಆ ನೋಟ್‌ಬುಕ್ಕಿನಲ್ಲೇ ಇದೆ.

ಹೋಗುವವರಿಗೆ: ಕೊಕ್ಕರೆಬೆಳ್ಳೂರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿದೆ. ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗೂಡು, ಮರಿಗಳನ್ನು ನೋಡಬಹುದು. ಬೆಳಗ್ಗೆ ಬೇಗ ಹೋಗಿ. ತಲೆಗೊಂದು ಟೋಪಿ ಇರಲಿ, ಮೇಲಿನಿಂದ ಏನು ಬೀಳುತ್ತದೋ ಹೇಳಲಾಗದು! ಪಟಾಕಿ, ಧ್ವನಿವರ್ಧಕ, ಕೂಗಾಟ ಬೇಡ. ಗೂಡು ಬಿಟ್ಟು ತಾಯಿ ಹಾರಿದರೆ ಮರಿ ಬಿಸಿಲಿಗೆ, ಹದ್ದು ಕಾಗೆಗಳಿಗೆ ಸಿಕ್ಕುತ್ತದೆ. ನೆಲಕ್ಕೆ ಬಿದ್ದ ಮರಿ ಕಂಡರೆ ನೀವು ಮುಟ್ಟಬೇಡಿ, ಊರಿನವರನ್ನು ಕರೆಯಿರಿ.