ಟಾನಿಕ್ ಹೊಡೆಯದ ಸಾಲು

ಹಾಸನಾಂಬೆಯ ಬಾಗಿಲು ತೆಗೆದಿದ್ದ ದಿನಗಳವು. ಬಸ್ಸುಗಳೆಲ್ಲ ಹಾಸನದ ಕಡೆಗೆ ಮುಖ ಮಾಡಿರುವಾಗ ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೊರಟವನ ಪಾಡು ಯಾರಿಗೂ ಬೇಡ. ಒಂದೂವರೆ ಗಂಟೆ ಕಾದು, ನಿಂತುಕೊಂಡೇ ಹೋಗಿ, ಅಕ್ಕನ ಮನೆಯ ಹೊಸ್ತಿಲು ದಾಟಿದೆನೋ ಇಲ್ಲವೋ, ಸೋದರಳಿಯ ಕೈಯಲ್ಲಿದ್ದ ಬ್ಯಾಗನ್ನೂ ಇಸಿದುಕೊಳ್ಳದೆ, "ಮಾಮ, ಎಫ್‌ಪಿಎಸ್ ಡ್ರಾಪ್ ಆಗ್ತಿದೆ" ಅಂದ.

ಯಾವುದೋ ಹೊಸ ಜ್ವರವಿರಬೇಕೆಂದು ಅವನ ಹಣೆ ಮುಟ್ಟಿ ನೋಡಿದೆ ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನಗೆ ಎಫ್‌ಪಿಎಸ್ ಗೊತ್ತು. ಸೆಕೆಂಡಿಗೆ ಪರದೆಯ ಮೇಲೆ ಎಷ್ಟು ಚಿತ್ರ ಬಂದು ಹೋಗುತ್ತವೆ ಅನ್ನುವ ಲೆಕ್ಕ ಅದು. ಸಿನಿಮಾಕ್ಕೆ 24 ಸಾಕು. ನಮ್ಮ ಕಡೆಯ ಟೆಂಟುಗಳಲ್ಲಿ ಅಣ್ಣಾವ್ರು ಆ 24ರಲ್ಲೇ ಕುದುರೆ ಓಡಿಸಿ, ಕತ್ತಿ ಬೀಸಿ, ಹಾಡು ಹೇಳಿ, ನಮ್ಮನ್ನು ಅಳಿಸಿ ಕಳಿಸುತ್ತಿದ್ದರು. ನನ್ನ ಸೋದರಳಿಯನಿಗೆ 60 ಇದ್ದದ್ದು 40ಕ್ಕೆ ಇಳಿದರೆ ಊಟ ಸೇರುವುದಿಲ್ಲ.

ರೋಗಕ್ಕೆ ಅವನು ಆಗಲೇ ನಾಲ್ಕು ಔಷಧಿ ಹಾಕಿದ್ದ. ಕಂಪ್ಯೂಟರನ್ನು ಚುರುಕು ಮಾಡುತ್ತೇವೆ ಅನ್ನುವ ನಾಲ್ಕು ಸಾಫ್ಟ್‌ವೇರು. ಒಂದಕ್ಕೆ ರಾಕೆಟ್ಟಿನ ಗುರುತು, ಒಂದಕ್ಕೆ ಪೊರಕೆಯದು, ಇನ್ನೆರಡಕ್ಕೆ ಮಿಂಚಿನದು. ರಾಕೆಟ್ಟನ್ನು ಒತ್ತಿದರೆ ಅರ್ಧ ನಿಮಿಷ ಗಿರಗಿರ ತಿರುಗಿ ಎರಡು ಸಾವಿರಕ್ಕೂ ಮೀರಿದ 'ಸಮಸ್ಯೆ'ಗಳನ್ನು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ಪತ್ತೆ ಮಾಡುವುದು ಪುಕ್ಕಟೆ, ಪರಿಹಾರಕ್ಕೆ ದುಡ್ಡು. ಅಕ್ಕ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಿದ್ದಳು: "ನಿನ್ನ ಮಾಮ ನೋಡಿ ಹೂಂ ಅಂದ್ರೆ ಕೊಡ್ತೀನಿ."

ಹಾಗಾಗಿ ನಾನು ಪರೀಕ್ಷಕನಾದೆ. ಪರೀಕ್ಷೆ ಮಾಡುವ ವಿಧಾನ ನನಗೆ ಕಂಪ್ಯೂಟರಿನವರು ಕಲಿಸಿದ್ದಲ್ಲ, ಅಪ್ಪ ಕಲಿಸಿದ್ದು.

ಅಪ್ಪ ಅರಕಲಗೂಡಿನ ಹತ್ತಿರ ಆಲೂಗೆಡ್ಡೆ ಬೆಳೆಯುತ್ತಿದ್ದವನು. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಗೆಡ್ಡೆ ಬರುತ್ತದೆ. ಅದನ್ನು ತಂದು, ಕೊಯ್ದು, ನೆಟ್ಟು ಮಳೆಗೆ ಕಾಯುವುದು. ಮಳೆ ಬಂದ ಮೇಲೆ ಅಂಗಮಾರಿಗೆ ಕಾಯುವುದು. ಗಿಡ ಗೇಣುದ್ದ ಆಗುವಷ್ಟರಲ್ಲಿ ಬೈಕಿನಲ್ಲಿ ಒಬ್ಬ ಹುಡುಗ ಬಂದು ಟಾನಿಕ್ಕಿನ ಬಾಟಲಿ ತೆಗೆಯುತ್ತಿದ್ದ. ಔಷಧಿ ಬೇರೆ, ಟಾನಿಕ್ ಬೇರೆ. ಔಷಧಿ ಹೊಡೆದರೆ ರೋಗ ನಿಂತಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಟಾನಿಕ್ ಹೊಡೆದರೆ ಗಿಡ 'ಚೆನ್ನಾಗಿ ಬರುತ್ತದೆ'. ಹೊಡೆಯದಿದ್ದರೆ ಹೇಗೆ ಬರುತ್ತಿತ್ತು ಅಂತ ಕೇಳುವವರಿಲ್ಲ. ಅಪ್ಪ ಕೇಳುತ್ತಿದ್ದ. ಪಂಪು ಬೆನ್ನಿಗೇರಿಸಿದ ಆಳಿಗೆ, "ನಡುಮಧ್ಯ ಒಂದ್ ಸಾಲು ಬಿಟ್ಟು ಹೊಡೀಲಾ" ಅನ್ನುತ್ತಿದ್ದ. ಗೆಡ್ಡೆ ಕಿತ್ತಾಗ ಆ ಸಾಲಿನದನ್ನು ಬೇರೆ ಚೀಲಕ್ಕೆ ತುಂಬಿಸಿ, ಪಕ್ಕದ ಸಾಲಿನ ಚೀಲದ ಜೊತೆ ಎತ್ತಿ ಎತ್ತಿ ನೋಡುತ್ತಿದ್ದ. ಕೃಷಿ ವಿಜ್ಞಾನಿಗಳು ಇದಕ್ಕೆ ಗಂಭೀರವಾದ ಹೆಸರು ಇಟ್ಟಿದ್ದಾರೆ. ಅವ್ವ ಇಟ್ಟ ಹೆಸರು ಜಿಪುಣತನ.

ನಾನೂ ಒಂದು ಸಾಲು ಬಿಟ್ಟೆ. ನಾಲ್ಕನ್ನೂ ಕಿತ್ತುಹಾಕಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ, ಏನೂ ಇಲ್ಲದೆ ಅಳೆದೆವು. ಅವನು ಆಡುವ ಜಿಟಿಎ 5ರಲ್ಲಿ ತನ್ನಷ್ಟಕ್ಕೇ ಓಡಿ ಅಂಕ ಕೊಡುವ ಪರೀಕ್ಷೆಯೊಂದಿದೆ. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ಸನ್ನೂ ಬಿಸಿಯನ್ನೂ ತೋರಿಸಲು ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡೆವು. ಅದು ತಾನಾಗಿ ಏನನ್ನೂ ಗುಣಪಡಿಸಲು ಬರುವುದಿಲ್ಲ, ಥರ್ಮಾಮೀಟರಿನ ಹಾಗೆ ಸುಮ್ಮನೆ ಇರುತ್ತದೆ. ಅದಕ್ಕೇ ನನಗೆ ಅದರ ಮೇಲೆ ಗೌರವ. ಒಂದೊಂದಕ್ಕೂ ಮೂರು ಸಲ ಓಡಿಸಿ ಸರಾಸರಿ ಹಿಡಿದೆವು. ಏನೂ ಇಲ್ಲದಾಗ 44. ಪೊರಕೆಗೆ 44. ರಾಕೆಟ್ಟಿಗೆ ಒಮ್ಮೆ 45 ಬಂದು ಸೋದರಳಿಯ ಕೂಗಿಕೊಂಡ, ಮರುಸಲ 43 ಬಂದು ಸುಮ್ಮನಾದ. ನಾಲ್ಕನ್ನೂ ಒಟ್ಟಿಗೆ ಹಾಕಿದಾಗ 38. ಬೇಡದ ಕಾರ್ಯಕ್ರಮಗಳನ್ನು ಶುರುವಿನಲ್ಲೇ ತಡೆಯುತ್ತೇವೆ ಅನ್ನುವ ಆ ನಾಲ್ವರೂ ಕಂಪ್ಯೂಟರು ಕಣ್ಣು ಬಿಡುವ ಮೊದಲೇ ಬಂದು, ಒಬ್ಬರನ್ನೊಬ್ಬರು ಕಾಯುತ್ತ ಕೂತಿರುತ್ತಿದ್ದರು.

"ಹಂಗಾದ್ರೆ ಆ ಎರಡು ಸಾವಿರ ಸಮಸ್ಯೆ?" ಅಂದ ಅಳಿಯ.

ಹೆಚ್ಚಿನವು ವಿಂಡೋಸಿನ ದಾಖಲೆಪುಸ್ತಕವಾದ ರಿಜಿಸ್ಟ್ರಿಯಲ್ಲಿ ಉಳಿದುಹೋದ ಹಳೆಯ ನಮೂದುಗಳು. ಯಾವಾಗಲೋ ತೆಗೆದುಹಾಕಿದ ಆಟದ ಹೆಸರು, ಈಗ ಇಲ್ಲದ ಕಡತದ ವಿಳಾಸ, ಇಂಥವು. ಪಹಣಿಯಲ್ಲಿ ತೀರಿಕೊಂಡ ತಾತನ ಹೆಸರು ಹಾಗೇ ಇದ್ದರೆ ಆಲೂಗೆಡ್ಡೆ ಇಳುವರಿ ಕಮ್ಮಿ ಆಗುತ್ತದೆಯೇ? ತಾತನ ಹೆಸರು ಹೊಡೆದುಹಾಕುವ ಭರದಲ್ಲಿ ಬದುಕಿರುವವನ ಹೆಸರು ಹೊಡೆದರೆ ಮಾತ್ರ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ರಿಜಿಸ್ಟ್ರಿ ತೊಳೆಯುವ ಇಂಥ ಸಾಫ್ಟ್‌ವೇರುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ವಿಂಡೋಸ್ ಮಾಡಿದ ಮೈಕ್ರೋಸಾಫ್ಟೇ ಹೇಳಿದೆ. ಇನ್ನು ರ‍್ಯಾಮ್ ಖಾಲಿ ಮಾಡುವ ಗುಂಡಿ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಎಲ್ಲರನ್ನೂ ಇಳಿಸಿ, "ನೋಡಿ ಸ್ವಾಮಿ, ಬಸ್ಸು ಎಷ್ಟು ಖಾಲಿ!" ಅಂದು ಮತ್ತೆ ಹತ್ತಿಸಿಕೊಂಡರೆ ಹೇಗೋ ಹಾಗೆ. ಇಳಿದವರು ಹತ್ತಲೇಬೇಕು, ಹತ್ತುವಾಗ ನೂಕುನುಗ್ಗಲು. ಆಟ ತಡವರಿಸುವುದು ಆಗಲೇ.

ಸಮಸ್ಯೆ ಹುಡುಕುವ ವಿದ್ಯೆಯ ವಿಷಯದಲ್ಲಿ ಅಮೆರಿಕದ್ದೊಂದು ಕತೆ ಇದೆ. ಅಲ್ಲಿನ ಆಫೀಸ್ ಡಿಪೋ ಎಂಬ ದೊಡ್ಡ ಅಂಗಡಿ ಸರಣಿಯಲ್ಲಿ ಗಿರಾಕಿಗಳ ಕಂಪ್ಯೂಟರಿನ ಆರೋಗ್ಯ ನೋಡುವ ಸಾಫ್ಟ್‌ವೇರೊಂದಿತ್ತು. ಮೊದಲು ನಾಲ್ಕು ಪ್ರಶ್ನೆ ಕೇಳುವುದು: ಯಂತ್ರ ನಿಧಾನವೇ, ವೈರಸ್ ಎಚ್ಚರಿಕೆ ಬಂದಿದೆಯೇ, ಈ ಥರದವು. ಯಾವುದಕ್ಕಾದರೂ ಹೌದು ಅಂದರೆ ರೋಗದ ಲಕ್ಷಣ ಇದೆ ಅಂತಲೇ ಫಲಿತಾಂಶ. ನಡುವೆ ಓಡುತ್ತಿದ್ದ ತಪಾಸಣೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. 2019ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಹಿಡಿದು ಕೇಳಿದಾಗ ಆ ಅಂಗಡಿ ಮತ್ತು ಸಾಫ್ಟ್‌ವೇರು ಒದಗಿಸಿದ ಕಂಪನಿ ಸೇರಿ 3.5 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡವು. ಹೇಳಿ ಕೇಳಿ ನಮ್ಮೂರ ಬುಡಬುಡಿಕೆಯವನ ವಿದ್ಯೆ. "ಮನ್ಯಾಗೆ ಏನೋ ಒಂದು ಕೊರತೆ ಐತೆ, ಅಲ್ವಾ ತಾಯಿ?" ಅಂದರೆ ಹೌದು ಅನ್ನದ ತಾಯಿ ಯಾರು? ನಮ್ಮವನು ಒಂದು ಸೇರು ರಾಗಿಗೆ ಮುಗಿಸುತ್ತಿದ್ದ.

ಪೊರಕೆಯ ಜಾತಿಯವನ್ನೆಲ್ಲ ಒಟ್ಟಿಗೆ ಬೈಯುವುದು ತಪ್ಪು. ಡಿಸ್ಕು ತುಂಬಿ ಉಸಿರು ಕಟ್ಟಿದ್ದರೆ ಕಸ ಗುಡಿಸುವುದು ಒಳ್ಳೆಯದೇ. 2004ರ ಸುಮಾರಿಗೆ ಬಂದ ಸಿಕ್ಲೀನರ್ ಆ ಕೆಲಸವನ್ನು ವರ್ಷಗಟ್ಟಲೆ ಅಚ್ಚುಕಟ್ಟಾಗಿ ಮಾಡಿತು. ಆದರೆ 2017ರಲ್ಲಿ ಕಳ್ಳರು ಅದರ ತಯಾರಿಕೆಯ ಮನೆಗೇ ನುಗ್ಗಿ, ಹೊಸ ಆವೃತ್ತಿಯೊಳಗೆ ತಮ್ಮ ಕುತಂತ್ರಾಂಶ ಸೇರಿಸಿದ್ದರಿಂದ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಪೊರಕೆಯ ಮೂಲಕವೇ ಕಸ ಹೋಯಿತು. ಈಗ ಆ ಗುಡಿಸುವ ಕೆಲಸ ವಿಂಡೋಸಿನಲ್ಲೇ ಇದೆ. ಆಟದವರಿಗೆಂದು ಗೇಮ್ ಮೋಡ್ ಕೂಡ 2017ರಿಂದ ಅದರೊಳಗೇ ಇದೆ. ದುಡ್ಡು ಕೊಟ್ಟು ತರುವಂಥದ್ದು ನನಗಂತೂ ಕಾಣಲಿಲ್ಲ.

ಮೂಲೆಯ ಥರ್ಮಾಮೀಟರು ಮಾತ್ರ 92 ಡಿಗ್ರಿ ಅಂತ ಮೊದಲಿನಿಂದಲೂ ಹೇಳುತ್ತಲೇ ಇತ್ತು. ನಾವು ಕೇಳಿಸಿಕೊಂಡಿರಲಿಲ್ಲ.

ಡಬ್ಬದ ಮಗ್ಗುಲು ಬಿಚ್ಚಿದೆ. ಅಕ್ಕನ ಪಕ್ಕದ ಮನೆ ಹಿಟ್ಟಿನ ಗಿರಣಿ. ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ, ಸುಳ್ಳು ಹೇಳುವುದಿಲ್ಲ, ಒಂದು ಮುದ್ದೆಗೆ ಆಗುವಷ್ಟು ರಾಗಿ ಹಿಟ್ಟಿತ್ತು. ಜೊತೆಗೆ ಹಲ್ಲಿಯ ಎರಡು ಮೊಟ್ಟೆ. ಗಾಳಿಯಾಡದೆ ಪ್ರೊಸೆಸರು ಕಾದಾಗ ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಾಲ್ಕು ಸಾಫ್ಟ್‌ವೇರಿಗೂ ಕಾಣದ ಸಮಸ್ಯೆ ಅದೊಂದೇ. ಬಣ್ಣ ಹೊಡೆಯುವ ಬ್ರಷ್ಷು, ಸೈಕಲ್ ಪಂಪು ತಂದೆವು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು ಗಾಳಿ ಹೊಡೆಯಬೇಕು, ಮರೆಯಬೇಡಿ. ಇದೇ ಜಿಲ್ಲೆಯಲ್ಲಿ, ಹಾಸನದ ಇಸ್ರೋ ಕೇಂದ್ರದಲ್ಲಿ ಕೂತವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅತ್ತಿತ್ತ ಹೊರಳಿಸುತ್ತಾರೆ. ನಾನು ಹೊಳೆನರಸೀಪುರದ ಜಗಲಿಯ ಮೇಲೆ ಸೈಕಲ್ ಪಂಪು ಒತ್ತುತ್ತಿದ್ದೆ. ಮೋಡದ ಹಾಗೆ ಹಿಟ್ಟೆದ್ದು ಅಳಿಯನ ಮೀಸೆ ಬೆಳ್ಳಗಾಯಿತು.

ಬಿಸಿ 71ಕ್ಕೆ ಇಳಿಯಿತು, ಎಫ್‌ಪಿಎಸ್ 59ಕ್ಕೆ ಏರಿತು. ಮಾರನೆಯ ದಿನ ಹಾಸನದಿಂದ ಇನ್ನೊಂದು ರ‍್ಯಾಮ್ ಪಟ್ಟಿ ತಂದು ಜೋಡಿ ಮಾಡಿದ ಮೇಲೆ ಇನ್ನೂ ಸ್ವಲ್ಪ ಏರಿತು. ಅಕ್ಕನ ದುಡ್ಡು ಅದಕ್ಕೆ ಹೋಯಿತು.

ಎಲ್ಲ ಮುಗಿದು ಸ್ಕ್ರೂ ತಿರುಗಿಸುತ್ತಿದ್ದಾಗ ಅವನು ಕೇಳಿದ: "ಡೀಫ್ರಾಗ್ ಮಾಡ್ಬೇಕಾ ಮಾಮ?"

ಬೇಡ ಅಂದೆ. ಅವನದು ಎಸ್‌ಎಸ್‌ಡಿ, ತಿರುಗುವ ತಟ್ಟೆಯಿಲ್ಲ, ಓಡಾಡುವ ಮುಳ್ಳಿಲ್ಲ. ಕಡತದ ತುಂಡುಗಳು ಎಲ್ಲಿದ್ದರೂ ಒಂದೇ. ಡೀಫ್ರಾಗ್ ಮಾಡಿ ಅವನ್ನು ಒಟ್ಟು ಮಾಡಲು ಹೋದರೆ ಸವೆತ ಮಾತ್ರ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಡೀಫ್ರಾಗ್ ಅಂದರೆ ನನಗೆ ಅಪ್ಪ ನೆನಪಾಗುತ್ತಾನೆ.

2002ರಲ್ಲಿ ನಮ್ಮ ಮನೆಗೆ ಕಂಪ್ಯೂಟರು ಬಂದದ್ದು ನನ್ನ ಓದಿಗೆ ಅಂತ. ಅದಕ್ಕೆ ಸ್ವಲ್ಪ ಮುಂಚೆ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ತಾಲ್ಲೂಕು ಕಚೇರಿಯಲ್ಲಿ ತನ್ನ ಹೆಸರು ಅಚ್ಚಾಗಿ ಬಂದದ್ದನ್ನು ಕಂಡ ಅಪ್ಪನಿಗೆ ಆ ಯಂತ್ರದ ಮೇಲೆ ನಂಬಿಕೆ ಹುಟ್ಟಿತ್ತು. ಗೆಡ್ಡೆ ಮಾರಿದ ದುಡ್ಡಿನಲ್ಲಿ ಹಾಸನದಲ್ಲಿ ಜೋಡಿಸಿಕೊಂಡು, ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅರಕಲಗೂಡಿನ ಬಸ್ಸಿನಲ್ಲಿ ತಂದ. ನಾನು ರೋಡ್ ರ‍್ಯಾಶ್ ಆಡಿದೆ. ಯಂತ್ರ ನಿಧಾನವಾದಾಗ ವಿಂಡೋಸ್ 98ರ ಡೀಫ್ರಾಗ್ ಹಾಕಿ ಮಲಗುತ್ತಿದ್ದೆ.

ಒಂದು ರಾತ್ರಿ ಎದ್ದು ನೋಡಿದರೆ ಅಪ್ಪ ಪರದೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದ. ಪರದೆಯ ತುಂಬ ಬಣ್ಣಬಣ್ಣದ ಪುಟ್ಟ ಚೌಕಗಳು. ಒಂದಿಷ್ಟು ಮಿಣುಕುತ್ತವೆ, ಎದ್ದು ಹೋಗಿ ಇನ್ನೆಲ್ಲೋ ಕೂರುತ್ತವೆ. ಇದು ಮುಂದಕ್ಕೆ ಸೇರಬೇಕಾದ್ದು, ಇದು ನಡುವಿಗೆ, ಇದು ಕೊನೆಗೆ ಅಂತ ಬಣ್ಣದಲ್ಲೇ ಗುರುತು. "ಗೆಡ್ಡೆ ವಿಂಗಡಣೆ ಕಣ್ಲಾ ಇದು" ಅಂದ. ದಪ್ಪದ್ದು, ಮಧ್ಯಮದ್ದು, ಗೋಲಿ ಗಾತ್ರದ್ದು. ಜೀವನವಿಡೀ ಕಣದಲ್ಲಿ ಮಾಡಿದ ಕೆಲಸವನ್ನು ಯಾರೋ ಬೆನ್ನು ನೋಯದ ಹಾಗೆ ಮಾಡುತ್ತಿದ್ದರು.

ಆಮೇಲೆ ಅದು ಅಪ್ಪನ ಆಟವಾಯಿತು. ರಾತ್ರಿ ಉಂಡ ಮೇಲೆ, "ಆ ಚೌಕದ್ದು ಹಾಕ್ಲಾ" ಅನ್ನುವುದು. ನಡುವೆ ಯಂತ್ರ ಡಿಸ್ಕಿನ ಮೇಲೆ ಏನಾದರೂ ಬರೆದುಕೊಂಡರೆ, ಡ್ರೈವಿನಲ್ಲಿ ಬದಲಾವಣೆಯಾಗಿದೆ ಅಂತ ಅದು ಮತ್ತೆ ಮೊದಲಿಂದ ಶುರು ಮಾಡುತ್ತಿತ್ತು. ಹಾವು ಏಣಿಯಲ್ಲಿ ತೊಂಬತ್ತೆಂಟಕ್ಕೆ ಬಂದು ಹಾವಿನ ಬಾಯಿಗೆ ಬಿದ್ದವನ ಹಾಗೆ ಅಪ್ಪ ತೊಡೆ ತಟ್ಟಿಕೊಂಡು, "ಥೂ ನನ್ಮಗಂದು" ಅಂದು ಬೀಡಿ ಹಚ್ಚುತ್ತಿದ್ದ. ಎಫ್‌ಪಿಎಸ್ ಲೆಕ್ಕ ಹಾಕಿದ್ದರೆ ಎಷ್ಟಿರುತ್ತಿತ್ತೋ. ಎರಡೋ ಮೂರೋ.

2010ರಲ್ಲಿ ವಿಂಡೋಸ್ 7ರ ಹೊಸ ಕಂಪ್ಯೂಟರು ತಂದೆ. ಅದರಲ್ಲೂ ಡೀಫ್ರಾಗ್ ಇತ್ತು, ಆದರೆ ಚೌಕಗಳಿರಲಿಲ್ಲ. ಶೇಕಡಾ ಇಷ್ಟು ಅಂತ ಒಂದು ಅಂಕಿ ಮಾತ್ರ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ.

"ಎಲ್ಲೋದ್ವುಲಾ?"

"ಈಗ ಒಳಗೊಳಗೇ ಮಾಡ್ಕಳುತ್ತೆ ಅಪ್ಪ."

"ತೋರಿಸ್ದೆ ಮಾಡಿದ್ರೆ ಮಾಡ್ತೋ ಬಿಡ್ತೋ ಹೆಂಗ್ ಗೊತ್ತಾಗ್ಬೇಕು?"

ಮಣೆಯನ್ನು ಗೋಡೆಗೆ ಒರಗಿಸಿ ಎದ್ದು ಹೋದ. ಮತ್ತೆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಆ ನಾಲ್ಕು ಸಾಫ್ಟ್‌ವೇರಿನವರೂ ಒಂದು ವಿಷಯ ಸರಿಯಾಗಿ ತಿಳಿದಿದ್ದಾರೆ ಅಂತ ಈಗ ಅನ್ನಿಸುತ್ತದೆ: ಗಿರಗಿರ ತಿರುಗಿಸಿ ತೋರಿಸಬೇಕು. ಅವರು ಕೆಲಸ ಬಿಟ್ಟು ತೋರಿಸುತ್ತಾರೆ, ಅದೊಂದೇ ವ್ಯತ್ಯಾಸ.

ಊರಿನ ಹೊಲದಲ್ಲಿ ಈಗ ಶುಂಠಿ ಇದೆ, ಗುತ್ತಿಗೆಗೆ ಕೊಟ್ಟಿದ್ದೇವೆ. ಹಳೆಯ ಹಾರ್ಡ್ ಡಿಸ್ಕು ಸಜ್ಜೆಯ ಮೇಲೆ, ಔಷಧಿ ಹೊಡೆಯುವ ಪಂಪಿನ ಪಕ್ಕದಲ್ಲಿದೆ. ಅದು ಕೂರುವ ಯಂತ್ರ ಯಾವತ್ತೋ ಗುಜರಿಗೆ ಹೋಯಿತು. ಓದುಗರಲ್ಲಿ ಯಾರ ಮನೆಯಲ್ಲಾದರೂ ವಿಂಡೋಸ್ 98 ಓಡುವ ಕಂಪ್ಯೂಟರು ಉಳಿದಿದ್ದರೆ ದಯವಿಟ್ಟು ತಿಳಿಸಿ. ಒಂದು ರಾತ್ರಿ ಸಾಕು. ಮಣೆ ನಾನೇ ತರುತ್ತೇನೆ.