ಹೈದ ನಮ್ಮವನು, ಟೀಮು ಯಾರದು?

ರಾತ್ರಿ ಹತ್ತೂವರೆ ದಾಟಿದೆ. ನಿಡಘಟ್ಟದ ಬಯಲಲ್ಲಿ ಸರ್ವೆ ಗಳಗಳಿಗೆ ಹಗ್ಗ ಬಿಗಿದು ಅಂಕಣ ಮಾಡಿದ್ದಾರೆ. ನೀವು ಹಗ್ಗಕ್ಕೆ ಎದೆಯೊತ್ತಿ ನಿಂತಿದ್ದೀರಿ, ಹಿಂದಿನಿಂದ ಜನ ನೂಕುತ್ತಲೇ ಇದ್ದಾರೆ. ಸಂಜೆ ಜರಡಿ ಹಿಡಿದು ನೀರು ಚಿಮುಕಿಸಿದ ಮಣ್ಣು ಇನ್ನೂ ತಂಪಾಗಿದೆ. ಸುಣ್ಣದ ಗೆರೆ ಅಲ್ಲಲ್ಲಿ ಕಾಲಿಗೆ ಸಿಕ್ಕಿ ಅಳಿಸಿದೆ. ಮೈಕು ಹಿಡಿದವನ ಗಂಟಲು ಕಟ್ಟಿ ಬಹಳ ಹೊತ್ತಾಗಿದೆ, ಆದರೂ ಬಿಡುತ್ತಿಲ್ಲ: ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, ಐವತ್ತೈದು ಕೆ.ಜಿ. ವಿಭಾಗ, ಸೆಮಿಫೈನಲ್!’

ಹದಿನೇಳರ ಹೈದನೊಬ್ಬ ರೈಡಿಗೆ ಹೊರಟ. ಬರಿಗಾಲು. ಎಡಗಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಮಣ್ಣು ಹಿಡಿದು ಕೆಂಪಾಗಿದೆ. ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಬೋನಸ್ ಗೆರೆಗೆ ಕಾಲು ಚಾಚಿದ. ಎಡ ಮೂಲೆಯವನು ಮೀನಖಂಡಕ್ಕೆ ಕೈ ಹಾಕಲು ಬಗ್ಗಿದ. ಹೈದ ಅವನ ಭುಜ ತಟ್ಟಿ ಹಿಂದಕ್ಕೆ ಜಿಗಿದ. ಅಷ್ಟರಲ್ಲಿ ಕೈಕೈ ಹಿಡಿದಿದ್ದ ಕವರ್ ಜೋಡಿ ಮುಂದೆ ಬಂದು ದಾರಿ ಕಟ್ಟಿತು. ಮುಗೀತು ಎಂದುಕೊಂಡಿರಿ. ಹೈದ ಸೊಂಟ ಮಡಿಸಿ, ತಲೆ ಮಂಡಿಯ ಮಟ್ಟಕ್ಕೆ ತಂದು, ಆ ಇಬ್ಬರ ಕೈಸರಪಳಿಯ ಕೆಳಗೆ ನುಸುಳಿಬಿಟ್ಟ. ಬೆನ್ನ ಮೇಲೆ ಒಬ್ಬ ಬಿದ್ದಿದ್ದಾನೆ, ಇವನ ಬಲಗೈ ಬೆರಳು ನಡುಗೆರೆ ದಾಟಿದೆ. ಅಂಪೈರ್ ಮೂರು ಬೆರಳು ಎತ್ತಿದ.

‘ಡುಬ್ಕಿ! ಡುಬ್ಕಿ ಕನ್ಲಾ ಅದು!’ ನಿಮ್ಮ ಕಿವಿಯ ಪಕ್ಕವೇ ಕೂಗಿದವನು ಆಟೋ ಓಡಿಸುವವನು, ಮೈಮೇಲೆ ಪ್ರೊ ಕಬಡ್ಡಿ ಲೀಗಿನ ಬೆಂಗಳೂರು ಬುಲ್ಸ್‌ನ ಕೆಂಪು ಜೆರ್ಸಿ. ‘ಪ್ರದೀಪ್ ನರ್ವಾಲ್ ನೋಡ್ದಂಗಾಯ್ತು. ಫುಲ್ ಚಾರ್ಜ್ ಮಗಾ!’

ಪ್ರದೀಪನ ಹೆಸರು ಬಂದದ್ದೇ ತಡ, ಪಕ್ಕದ ಚುರುಮುರಿ ಗಾಡಿಯ ಹತ್ತಿರ ಜಗಳ ಶುರುವಾಯಿತು. ಈ ಜಗಳ ಮದ್ದೂರು, ಮಳವಳ್ಳಿ ಕಡೆಯ ಯಾವ ಕಬಡ್ಡಿ ಬಯಲಿಗೆ ಹೋದರೂ ಇದ್ದದ್ದೇ. ಗೆದ್ದವರು, ಸೋತವರು ಎಲ್ಲರೂ ಸೇರಿಕೊಳ್ಳುತ್ತಾರೆ.

‘ಪ್ರದೀಪ ಮೊದ್ಲು ನಮ್ಮವ್ನೇ ಅಲ್ವೇನಣ್ಣ? ಬುಟ್ಕೊಟ್ಟೋರು ಯಾರು?’

ಅಲ್ಲಿ ನಿಂತವರಿಗೆಲ್ಲ ಆ ಕಥೆ ಬಾಯಿಪಾಠ. 2015ರಲ್ಲಿ, ಪ್ರೊ ಕಬಡ್ಡಿಯ ಎರಡನೇ ಸೀಸನ್ನಿನಲ್ಲಿ, ಹರಿಯಾಣದ ಈ ಹುಡುಗ ಮೊದಲು ತೊಟ್ಟದ್ದು ಬುಲ್ಸ್ ಅಂಗಿ. ಆಡಲು ಸಿಕ್ಕಿದ್ದು ಕೆಲವೇ ಪಂದ್ಯ. ಮುಂದಿನ ಸೀಸನ್ನಿಗೆ ಪಟ್ನಾ ಪೈರೇಟ್ಸ್ ಸೇರಿದ, ಪಟ್ನಾ ಸಾಲಾಗಿ ಮೂರು ಸಲ ಕಪ್ ಗೆದ್ದಿತು. 2017ರ ಒಂದೇ ಸೀಸನ್ನಿನಲ್ಲಿ ಅವನು ತಂದದ್ದು 369 ರೈಡ್ ಪಾಯಿಂಟ್. ಲೀಗಿನಲ್ಲಿ ಅವನಷ್ಟು ಪಾಯಿಂಟ್ ಗಳಿಸಿದವರಿಲ್ಲ ಎನ್ನುವ ಕಾಲಕ್ಕೆ, 2024ರಲ್ಲಿ, 70 ಲಕ್ಷಕ್ಕೆ ಬುಲ್ಸ್ ಅವನನ್ನು ವಾಪಸು ಕರೆತಂದಿತು. ಕಾಲಲ್ಲಿ ಹಳೆಯ ಚುರುಕು ಇರಲಿಲ್ಲ. ಆ ವರ್ಷ ಬುಲ್ಸ್ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಹನ್ನೆರಡು ತಂಡಗಳಲ್ಲಿ ಕೊನೆಯದಾಯಿತು. 2025ರ ಹರಾಜಿನಲ್ಲಿ ಪ್ರದೀಪನನ್ನು ಯಾರೂ ಕೊಳ್ಳಲಿಲ್ಲ. ಅವನು ಆಟಕ್ಕೇ ವಿದಾಯ ಹೇಳಿದ.

‘ಎಳೇದ್ರಲ್ಲಿ ಬುಟ್ಟು, ಮಾಗಿದ್ ಮೇಲೆ ತಂದ್ರೆ ಏನ್ ಪ್ರಯೋಜ್ನ?’ ಎಂದ ಎಳನೀರು ವ್ಯಾಪಾರದವನು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ದಿನಾ ಬೆಳಿಗ್ಗೆ ಲಾರಿ ತುಂಬಿಸುವವನು, ಯಾವ ಕಾಯಿ ಯಾವಾಗ ಕೀಳಬೇಕು ಎಂದು ಬಲ್ಲವನು.

ಜೆರ್ಸಿಯವನು ಒಪ್ಪಲಿಲ್ಲ. ‘ಪ್ರದೀಪಂದ್ ಬುಡಿ. ಪವನ್ ಸೆಹ್ರಾವತ್ತು? ಅವ್ನಿಗೆ ನಾವೇನ್ ಕಮ್ಮಿ ಮಾಡಿದ್ವಿ? ಕಾಸ್ ಕಂಡೇಟ್ಗೆ ಹೊಂಟೋದ.’

ಪವನ್ ಎಂದರೆ ಇವನಿಗೆ ಇನ್ನೂ ಎದೆ ಉರಿಯುತ್ತದೆ. 2019ರ ಜನವರಿ 5, ಮುಂಬೈ, ಆರನೇ ಸೀಸನ್ನಿನ ಫೈನಲ್. ಗುಜರಾತ್ ಎದುರು ಅರ್ಧ ಆಟದ ತನಕ ಹಿಂದಿದ್ದ ಬುಲ್ಸ್ 38–33ರಿಂದ ಗೆದ್ದು ಮೊದಲ ಸಲ ಕಪ್ ಎತ್ತಿದ ದಿನ. 38ರಲ್ಲಿ 22 ಪಾಯಿಂಟ್ ಪವನನೊಬ್ಬನದೇ. ಮೂರು ವರ್ಷದ ಮೇಲೆ, 2022ರ ಹರಾಜಿನಲ್ಲಿ, ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಅವನನ್ನು ಕೊಂಡಿತು. ಅಲ್ಲಿಂದ ತೆಲುಗು ಟೈಟನ್ಸ್, ಮತ್ತೆ ತಮಿಳ್ ತಲೈವಾಸ್.

ಇಷ್ಟು ಹೊತ್ತು ಸುಮ್ಮನಿದ್ದ ನಿವೃತ್ತ ಪಿ.ಟಿ. ಮೇಷ್ಟ್ರು ಆಗ ಬಾಯಿಬಿಟ್ಟರು. ಕೊರಳಲ್ಲಿ ಈಗಲೂ ವಿಷಲ್ಲು. ‘ಲೋ, ಅವ್ನೇ ಹೋದ ಅಂತೀಯಲ್ಲ, ಉಳಿಸ್ಕೊಳ್ಳೋದು ಬಿಡೋದು ಟೀಮಿನ ಕೈಲಿತ್ತು ಕಣಪ್ಪ. ಕಬಡ್ಡಿ ಆಡೋನಿಗೆ ಎಷ್ಟು ವರ್ಷ ಆಯಸ್ಸು? ಹತ್ತು ವರ್ಷ. ಮಂಡಿ ಚಿಪ್ಪು ಹೋದ್ರೆ ಅದೂ ಇಲ್ಲ. ಆಮೇಲೆ ನೀನು ಅನ್ನ ಹಾಕ್ತೀಯಾ?’

ಜೆರ್ಸಿಯವನು ತಲೆ ತಗ್ಗಿಸಿದ. ‘ಹಂಗಲ್ಲ ಮೇಷ್ಟ್ರೇ…’

‘ಭರತ್ ಹೂಡಾ ನೋಡು. ಎಂಟನೇ ಸೀಸನ್ನಿಗೆ ಹೊಸಬ ಅಂತ ಬಂದ. ಮಾರನೇ ವರ್ಷ 279 ರೈಡ್ ಪಾಯಿಂಟ್. ಬೆಳೆಸಿದ್ದು ಬುಲ್ಸೇ, ನಾನು ಇಲ್ಲ ಅನ್ನಲ್ಲ. ಈಗೆಲ್ಲವ್ನೆ? ಯುಪಿ ಯೋಧಾಸ್‌ಗೆ ಹೋಗಿ, ಅಲ್ಲಿಂದ ತೆಲುಗು ಟೈಟನ್ಸ್‌ಗೆ. ಸೌರಭ್ ನಂದಲ್ ಅಷ್ಟು ವರ್ಷ ನಮ್ಮ ರೈಟ್ ಕಾರ್ನರ್ ಕಾಯ್ದ. 2025ರಲ್ಲಿ ದಬಂಗ್ ಡೆಲ್ಲಿ ಸೇರ್ದ, ಅದೇ ವರ್ಷ ಡೆಲ್ಲಿ ಕಪ್ ಹೊಡೀತು. ಬೆಳೆಸೋದು ಗೊತ್ತು, ಇಟ್ಕೊಳ್ಳೋದು ಗೊತ್ತಿಲ್ಲ.’

ಅಂಕಣದಲ್ಲಿ ಆಲೌಟ್ ಆಯಿತು. ತಮಟೆ ಬಡಿತಕ್ಕೆ ಎರಡು ನಿಮಿಷ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಡುಬ್ಕಿ ಹೊಡೆದ ಹೈದ ಹಗ್ಗದ ಹತ್ತಿರ ಬಂದು ಬಾಟಲಿಯ ನೀರು ಬಾಯಿಗೆ ಹೊಯ್ದುಕೊಂಡು ಮುಕ್ಕಳಿಸಿ ಉಗಿದ. ಈಗ ಅವನು ಅಷ್ಟು ಹತ್ತಿರ: ಮೊಣಕೈ ಚರ್ಮ ಕಿತ್ತು ಮಣ್ಣು ಅಂಟಿದೆ, ಕೆನ್ನೆ ಒಳಕ್ಕೆ ಹೋಗಿದೆ. ‘ನಿನ್ನೆಯಿಂದ ಉಂಡಿಲ್ಲ, ತೂಕಕ್ಕೆ’ ಎಂದ ಮೆಲ್ಲಗೆ, ಯಾರೋ ಕೇಳಿದ್ದಕ್ಕೆ. ಐವತ್ತೈದು ಕೆ.ಜಿ. ಮೀರಿದರೆ ಈ ವಿಭಾಗದಲ್ಲಿ ಆಡಿಸುವುದಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲುವ ತನಕ ಹಸಿದಿದ್ದು, ಇಳಿದ ಮೇಲೆ ಎರಡು ಬಾಳೆಹಣ್ಣು ತಿಂದು ಅಂಕಣಕ್ಕೆ ಇಳಿದಿದ್ದಾನೆ. ಮೇಷ್ಟ್ರ ಮುಖ ಗಂಟಾಯಿತು. ‘ಬೆಳೆಯೋ ಹೈದನ್ನ ಹಸಿವಲ್ಲಿ ಕೆಡವ್ತಾ ಇದ್ದೀವಿ, ಇದ್ಯಾರೂ ಕೇಳಲ್ಲ.’

ಹಸಿವಿನ ಜೊತೆಗೆ ಇನ್ನೊಂದು ಕೊರತೆಯೂ ಇದೆ. ಈ ಹೈದ ಇವತ್ತಿನವರೆಗೆ ಮ್ಯಾಟ್ ಮೇಲೆ ಕಾಲಿಟ್ಟಿಲ್ಲ. ಮ್ಯಾಟ್ ಎಂದರೆ ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿಸಿ ಜೋಡಿಸುವ ಫೋಮಿನ ಹಾಸು. ಅಲ್ಲಿ ಶೂ ಬೇಕು. ಮಣ್ಣಿನಲ್ಲಿ ಬರಿಗಾಲ ಬೆರಳು ಊರಿ ತಿರುಗುವವನು ಅಲ್ಲಿ ಅದೇ ತಿರುವಿಗೆ ಹೋದರೆ ಶೂ ಹಿಡಿದು ನಿಲ್ಲುತ್ತದೆ, ಪಾದ ಮುರಿಗೊಳ್ಳುತ್ತದೆ. ಜಾರಿ ಬಿದ್ದರೆ ಚರ್ಮ ಸುಟ್ಟ ಹಾಗೆ ಉರಿಯುತ್ತದೆ. ಆಯ್ಕೆ ಶಿಬಿರಕ್ಕೆ ಹೋದ ಹಳ್ಳಿ ಹುಡುಗ ಅಲ್ಲಿನ ಮೊದಲ ದಿನವೇ ಹರಿಯಾಣದಲ್ಲಿ ಚಿಕ್ಕಂದಿನಿಂದ ಮ್ಯಾಟ್ ಮೇಲೆ ಬೆಳೆದವನ ಎದುರು ನಿಲ್ಲಬೇಕು. ಪ್ರತಿಭೆ ಸಾಲದೆ ಬಿದ್ದ ಎಂದು ಬರೆದುಕೊಳ್ಳುತ್ತಾರೆ. ಅವನು ಬಿದ್ದದ್ದು ಮ್ಯಾಟಿಲ್ಲದೆ.

‘ಬುಲ್ಸ್ ಟೀಮಲ್ಲಿ ನಮ್ ಕನ್ನಡದ ಐಕ್ಳು ಎಷ್ಟ್ ಜನ ಅವ್ರೆ, ಹೇಳು?’ ಎಂದ ಎಳನೀರಿನವನು. ಜೆರ್ಸಿಯವನು ಉತ್ತರಿಸದೆ ಅಂಗಿಯ ಮೇಲಿನ ಗೂಳಿಯ ಚಿತ್ರ ಸವರಿಕೊಂಡ.

ಕನ್ನಡದ ಹುಡುಗರು ಇಲ್ಲವೇ? ಹೆಸರು ಮಾಡಿದವರಿದ್ದಾರೆ, ಬೇರೆ ಕಡೆ. ಕಾರ್ಕಳದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡವನ್ನು ಮೊದಲ ವರ್ಷವೇ ಫೈನಲಿಗೆ ಒಯ್ದ ನಾಯಕ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ 2022ರ ಫೆಬ್ರವರಿಯಲ್ಲಿ ಪಟ್ನಾ ಪೈರೇಟ್ಸ್ ನಾಯಕನಾಗಿ ಫೈನಲ್ ಆಡಿದ. ಎಲ್ಲಿ? ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಕೋವಿಡ್ ಕಾಲ, ಹೋಟೆಲಿನೊಳಗೆ, ಪ್ರೇಕ್ಷಕರಿಲ್ಲದ ಆಟ. ಒಂದೇ ಪಾಯಿಂಟ್, 37–36, ಡೆಲ್ಲಿ ಗೆದ್ದಿತು. ಕನ್ನಡಿಗನೊಬ್ಬ ಕನ್ನಡ ನೆಲದಲ್ಲಿ ಫೈನಲ್ ಆಡುವಾಗ ಅವನ ಎದೆಯ ಮೇಲಿದ್ದದ್ದು ಪಟ್ನಾ ಹೆಸರು.

ಇನ್ನು ಅಭಿಮಾನಿ ತನ್ನ ತಂಡವನ್ನು ಕಣ್ಣಾರೆ ನೋಡುವುದು ಎಲ್ಲಿ? 2017ರಲ್ಲಿ ಬುಲ್ಸ್‌ನ ತವರಿನ ಪಂದ್ಯಗಳು ನಾಗಪುರದಲ್ಲಿ ನಡೆದವು. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2023ರ ಡಿಸೆಂಬರಿನಲ್ಲಿ ಆಡಿದ ಮೇಲೆ 2024 ಮತ್ತು 2025ರ ಸೀಸನ್‌ಗಳಲ್ಲಿ ಬೆಂಗಳೂರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಊರುಗಳನ್ನು ಆರಿಸುವುದು ಲೀಗು, ತಂಡವಲ್ಲ, ಸರಿ. ಆದರೂ ಮದ್ದೂರಿನಿಂದ ರೈಲು ಹತ್ತಿ ಕಂಠೀರವಕ್ಕೆ ಹೋಗಿ ಗಂಟಲು ಹರಿದುಕೊಂಡು ಬರುತ್ತಿದ್ದ ಹುಡುಗರಿಗೆ ಈಗ ಮೊಬೈಲ್ ಪರದೆಯಷ್ಟೇ ಗತಿ. ಇಷ್ಟಾದರೂ ಆ ಕೆಂಪು ಅಂಗಿ ಬಿಚ್ಚದವನ ನಿಷ್ಠೆಯನ್ನು ನೀವು ಅನುಮಾನಿಸಬಾರದು. ಆ ನಿಷ್ಠೆಗೆ ತಂಡದ ಕಡೆಯಿಂದ ಏನು ಬಂತು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಮೇಷ್ಟ್ರು ಬಿ.ಸಿ. ರಮೇಶ್ ಹೆಸರೆತ್ತಿದಾಗ ಎಲ್ಲರ ದನಿ ಇಳಿಯಿತು. ಅರ್ಜುನ ಪ್ರಶಸ್ತಿ ಪಡೆದ ನಮ್ಮದೇ ಆಟಗಾರ, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟ ಕೋಚ್. ಆಮೇಲೆ ಪುಣೆ. ಪುಣೇರಿ ಪಲ್ಟನ್‌ನವರು ‘ಯುವ ಪಲ್ಟನ್’ ಎಂಬ ಅಕಾಡೆಮಿ ಮಾಡಿ ಎಳೆಯರನ್ನು ತಂದು ಆಡಿಸಿ ಬೆಳೆಸಿದ್ದರು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಅಲ್ಲಿಂದ ಬಂದವರು. ಆ ಹುಡುಗರನ್ನೇ ನಂಬಿ ರಮೇಶ್ 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸನ್ನು 28–25ಕ್ಕೆ ಸೋಲಿಸಿ ಕಪ್ ತಂದರು. 2025ಕ್ಕೆ ಬುಲ್ಸ್ ಅವರನ್ನು ಮನೆಗೆ ಕರೆಯಿತು. ಕೊನೆಯ ಸ್ಥಾನದಲ್ಲಿದ್ದ ತಂಡ ಒಂದೇ ವರ್ಷದಲ್ಲಿ ಪ್ಲೇಆಫ್ ತಲುಪಿತು.

‘ಮತ್ತಿನ್ನೇನು ಮೇಷ್ಟ್ರೇ!’ ಜೆರ್ಸಿಯವನ ಮುಖ ಅರಳಿತು.

‘ಅಡುಗೆಯವ್ರು ಬಂದ್ರು ಕಣಯ್ಯ. ದಿನಸಿ? ಪುಣೆಯಲ್ಲಿ ಬೆಳೆದ ಆಕಾಶ್ ಶಿಂಧೇನ ತಂದ್ರು, ಇರಾನಿನ ಅಲಿರೆಜಾ ಮಿರ್ಜಾಯಿಯಾನ್‌ನ ತಂದ್ರು. ಚೆನ್ನಾಗಾಡಿದ್ರು, ಸಂತೋಷ. ನಮ್ಮ ಹೊಲದಲ್ಲಿ ಬೆಳೆದಿದ್ದು ಏನು?’

ಹಬ್ಬಕ್ಕೆಂದು ಸಿಡ್ನಿಯಿಂದ ಊರಿಗೆ ಬಂದಿದ್ದ ಎಂಜಿನಿಯರ್ ಹುಡುಗ ಅಷ್ಟು ಹೊತ್ತಿಗೆ ಚುರುಮುರಿ ಪೊಟ್ಟಣ ಹಿಡಿದು ಗುಂಪಿಗೆ ಬಂದ. ಅಲ್ಲಿ ರಗ್ಬಿ ಲೀಗ್ ಎಂಬ ಆಟವಿದೆ, ಒಂದೊಂದು ಕಡೆ ಹದಿಮೂರು ಜನ, ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಾಳಿಗೆ. ನಮ್ಮ ಕಬಡ್ಡಿಯವರಿಗೆ ಅದು ನೋಡಿದ ಕೂಡಲೇ ಅರ್ಥವಾಗುತ್ತದಂತೆ. ಸಿಡ್ನಿಯ ಪಶ್ಚಿಮದಲ್ಲಿ ಪೆನ್ರಿತ್ ಎಂಬ ದುಡಿಯುವವರ ಪ್ರದೇಶ. ಅಲ್ಲಿನ ಕ್ಲಬ್ 2021ರಿಂದ 2024ರವರೆಗೆ ಸಾಲಾಗಿ ನಾಲ್ಕು ವರ್ಷ ಚಾಂಪಿಯನ್. ‘ಅವ್ರ ಬಲ ಏನ್ ಗೊತ್ತಾಣ್ಣ? ಸುತ್ತಮುತ್ತಲ ಬೀದಿ ಹುಡುಗ್ರು. ಸಣ್ಣ ಹುಡುಗ್ರಾಗಿದ್ದಾಗ್ಲಿಂದ ಅದೇ ಕ್ಲಬ್ಬಿನ ಕಣ್ಣಲ್ಲಿರ್ತಾರೆ. ಸಂಬಳಕ್ಕೆ ಮಿತಿ ಇದೆ, ಅದ್ಕೆ ಪ್ರತಿ ವರ್ಷ ಒಳ್ಳೆ ಆಟಗಾರ್ರು ಬೇರೆ ಕಡೆ ಹೋಗ್ತಾರೆ. ಜರೋಮ್ ಲುವಾಯ್ ಅಂತ, ನಾಲ್ಕೂ ಕಪ್ ಗೆದ್ದೋನು, 2024 ಆದ್ಮೇಲೆ ಬೇರೆ ಟೀಮಿಗೆ ಹೋದ. ಆದ್ರೆ ಹಿಂದ್ಗಡೆ ಇನ್ನೊಬ್ಬ ರೆಡಿ ಇರ್ತಾನೆ.’

‘ಅಂದ್ರೆ ಹೋಗೋನು ಹೋಗ್ಲಿ, ಬಿತ್ತೋದ್ ನಿಲ್ಲಿಸ್ಬಾರ್ದು ಅಂತ’ ಎಂದ ಎಳನೀರಿನವನು.

ಈ ಜಗಳದಲ್ಲಿ ಯಾರೂ ಎತ್ತದ ಒಂದು ವಿಷಯ ಕಣ್ಣೆದುರಿಗೇ ಇತ್ತು. ಸೆಮಿಫೈನಲ್ ಗೆದ್ದ ಹೈದನ ತಂಡದ ಎದುರು ಫೈನಲಿಗೆ ಇಳಿದ ಇನ್ನೊಂದು ಊರಿನ ತಂಡದಲ್ಲಿ ಇಬ್ಬರು ‘ಗೆಸ್ಟ್ ಪ್ಲೇಯರ್’ಗಳು. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು, ಆಡಿ, ದುಡ್ಡು ಎಣಿಸಿಕೊಂಡು ರಾತ್ರಿಯೇ ಹಿಂತಿರುಗುವವರು. ಅವರಿಗಾಗಿ ಆ ಊರಿನ ಇಬ್ಬರು ಹುಡುಗರು ಬೆಂಚಿನ ಮೇಲೆ ಕೂತಿದ್ದಾರೆ, ಮೈಗೆ ಎಣ್ಣೆ ಹಚ್ಚಿಕೊಂಡು, ಮಂಡಿಗೆ ಪಟ್ಟಿ ಕಟ್ಟಿಕೊಂಡು. ಕಪ್ಪಿನ ಆಸೆಗೆ ನಾವು ಹಳ್ಳಿಯವರೂ ಮಾಡುತ್ತಿರುವುದು ಅದೇ ಹರಾಜು. ಬುಲ್ಸ್ ಮಾಲೀಕರನ್ನು ಕೇಳುವ ಪ್ರಶ್ನೆಯನ್ನು ನಮ್ಮ ಯುವಕ ಸಂಘಗಳಿಗೂ ಕೇಳಬೇಕು.

ಡುಬ್ಕಿಯ ಹೈದನ ತಂಡ ಫೈನಲಿನಲ್ಲಿ ನಾಲ್ಕು ಪಾಯಿಂಟ್‌ನಿಂದ ಸೋತಿತು. ಅವನಿಗೆ ಬೆಸ್ಟ್ ರೈಡರ್ ಟ್ರೋಫಿ. ಅವನಪ್ಪ ಜನರ ಹಿಂದೆ, ಟಿವಿಎಸ್‌ಗೆ ಒರಗಿ ನಿಂತಿದ್ದ. ಅಂಗೈ ತುಂಬ ಎಳನೀರು ಸಿಪ್ಪೆಯ ಕರೆ. ‘ಯಾರೋ ಮೂಡಬಿದಿರೆ ಆಳ್ವಾಸ್‌ಗೆ ಹಾಕು, ಓದು ಊಟ ಎಲ್ಲ ಅವ್ರೇ ನೋಡ್ಕತಾರೆ ಅಂತವ್ರೆ. ಕ್ರೀಡಾ ಹಾಸ್ಟೆಲ್‌ಗೆ ಹಾಕು ಅಂತ ಮೇಷ್ಟ್ರು. ಇಲ್ಲೇ ಇದ್ರೆ ಮಣ್ಣಲ್ಲೇ ಮುಗೀತದೆ. ಹೋದ್ರೆ ನಮ್ಮವ್ನಾಗಿ ಉಳೀತಾನಾ ಗೊತ್ತಿಲ್ಲ’ ಎಂದ. ಜೆರ್ಸಿಯವನು ಅವನ ಹೆಗಲ ಮೇಲೆ ಕೈ ಹಾಕಿದ. ‘ಕಳ್ಸು ಮಾವ. ಪಟ್ನಾಕ್ಕಾದ್ರೂ ಆಡ್ಲಿ, ಪುಣೆಗಾದ್ರೂ ಆಡ್ಲಿ. ನಾನ್ ನೋಡ್ತೀನಿ.’ ಒಂದು ಗಂಟೆ ಹಿಂದೆ ಪವನನನ್ನು ಬೈದವನು ಇವನೇ.

ನನ್ನ ತೀರ್ಮಾನ ಇಷ್ಟು. ಹೋಗುವ ಹುಡುಗನನ್ನು ದೂರುವ ಹಕ್ಕು ಅವನನ್ನು ಬೆಳೆಸದವರಿಗೆ ಇಲ್ಲ. ಬೆಂಗಳೂರಿಂದ ನಿಡಘಟ್ಟಕ್ಕೆ ಒಂದು, ನಿಡಘಟ್ಟದಿಂದ ಮೈಸೂರಿಗೆ ಇನ್ನೊಂದು ಎಂದು ಎರಡು ಭಾಗ ಮಾಡಿ ಹೆದ್ದಾರಿ ಕಟ್ಟಿದರು. 2023ರ ಮಾರ್ಚಿನಲ್ಲಿ ಅದರ ಉದ್ಘಾಟನೆಯೂ ಆಯಿತು. ಬುಲ್ಸ್‌ನವರಿಗೆ ಈಗ ಇಲ್ಲಿಗೆ ಬರಲು ಅರ್ಧ ದಿನವೂ ಬೇಡ. ವರ್ಷಕ್ಕೊಮ್ಮೆ ಮದ್ದೂರಿಗೆ ಬಂದು ಆಯ್ಕೆ ಶಿಬಿರ ನಡೆಸಲಿ, ರಮೇಶ್ ಅವರಂಥ ಕೋಚ್ ಒಂದು ದಿನ ಈ ಮಣ್ಣಿನ ಹುಡುಗರನ್ನು ನೋಡಲಿ. ಕ್ರೀಡಾ ಇಲಾಖೆ ತಾಲ್ಲೂಕಿಗೆ ಒಂದು ಮ್ಯಾಟ್ ಹಾಸಿ ಒಬ್ಬ ತರಬೇತುದಾರನನ್ನು ಕೊಡಲಿ. ಪಂದ್ಯಾವಳಿ ನಡೆಸುವ ಸಂಘಗಳು ಗೆಸ್ಟ್ ಪ್ಲೇಯರ್‌ಗೆ ಕೊಡುವ ದುಡ್ಡಿನಲ್ಲಿ ಊರಿನ ಹುಡುಗರಿಗೆ ಶೂ ಕೊಡಿಸಲಿ. ನಿಮ್ಮೂರಲ್ಲಿ ಮುಂದಿನ ಹೊನಲು ಬೆಳಕಿನ ಪಂದ್ಯಕ್ಕೆ ಚಂದಾ ಕೇಳಲು ಬಂದರೆ, ಕೊಡುವ ಮುಂಚೆ ಇದೊಂದು ಮಾತು ಕೇಳಿ: ಬೆಂಚಿನ ಮೇಲೆ ಕೂರುವ ನಮ್ಮ ಹುಡುಗನನ್ನು ಈ ಸಲ ಆಡಿಸುತ್ತೀರಾ?